ಹುತ್ತಕ್ಕೆ ನಾನಿಟ್ಟ ಅರಿಶಿನ

ಚೈತ್ರಾ, ಮನೋಜ, ಮೊಮ್ಮಕ್ಕಳೇ, ಇದು ನಿಮ್ಮಿಬ್ಬರಿಗೆ.

ಚೈತ್ರಾ, ಮನೆತೋಟಗಳನ್ನು ರೂಪಿಸುವ ಕೋರ್ಸಿಗೆ ಸೇರಿದ ದಿನ ನೀನು ನನ್ನ ಕಾಲು ಮುಟ್ಟಿ, "ಅಜ್ಜಿ, ನಿನ್ನ ಕೆಲಸಾನೇ ನಾನೀಗ ಓದ್ತಿರೋದು" ಅಂದೆ. ಮನೋಜ ಪಕ್ಕದಲ್ಲಿ ನಿಂತು, ಇವಳ ಓದು ಮುಗಿದರೆ ಇಬ್ಬರೂ ಸೇರಿ ನರ್ಸರಿ ಇಡುತ್ತೇವೆ ಅಂದ. ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ. ಅಜ್ಜಿಗೆ ಖುಷಿಯಾಗಿದೆ, ಅದಕ್ಕೇ ಮಾತು ಬರುತ್ತಿಲ್ಲ ಎಂದು ನಿಮ್ಮಮ್ಮ ಅಂದಳು. ನನಗೆ ಆದದ್ದು ಭಯ. ಆ ಕೆಲಸದಲ್ಲಿ ನಾನು ಹತ್ತೊಂಬತ್ತು ವರ್ಷ ಇದ್ದೆ. ಅಲ್ಲಿ ಏನಾಯಿತೆಂದು ನಿಮಗೆ ಯಾರೂ ಹೇಳಿಲ್ಲ, ಏಕೆಂದರೆ ಹೇಳಬೇಕಾದವಳು ನಾನು. ನಿಮ್ಮೆದುರು ಕೂತು ಹೇಳಲು ನನ್ನಿಂದ ಆಗದು. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಓದಿದ್ದು ಮಾಲೂರಿನ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮದುವೆಯಾಗಿ ಕುಂದಲಹಳ್ಳಿಗೆ ಬಂದೆ. ನಿಮ್ಮ ತಾತ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದರು. ಅವರು ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ. ಹತ್ತಿರದಲ್ಲೇ ಹೊಸದಾಗಿ ಎದ್ದಿದ್ದ ವಿಲ್ಲಾ ಲೇಔಟಿನಲ್ಲಿ ಕಳೆ ಕೀಳಲು ಹೆಂಗಸರು ಬೇಕು ಎಂದು ಪಕ್ಕದ ಮನೆಯವಳು ಹೇಳಿದಳು. ಮನೆಗೆಲಸವಾದರೆ ಮಾತಾಡಬೇಕಾಗುತ್ತದೆ, ಗಿಡಗಳ ಕೆಲಸವಾದರೆ ತಲೆ ಬಗ್ಗಿಸಿ ಮಾಡಬಹುದು ಅನ್ನಿಸಿತು. ಹಾಗೆ ಸೇರಿದೆ.

ಅಲ್ಲಿನ ತೋಟಕ್ಕೆಲ್ಲ ಮುನಿಯಪ್ಪ ಮೇಸ್ತ್ರಿ ಯಜಮಾನ. ಹಿಂದೆ ಅದೇ ನೆಲದಲ್ಲಿ ಅವರ ಮನೆತನದ ರಾಗಿ ಹೊಲವಿತ್ತಂತೆ. ಹೊಲ ಮಾರಿದ ಮೇಲೆ ಅದೇ ನೆಲದ ಮೇಲೆ ಹುಲ್ಲುಹಾಸು ಕತ್ತರಿಸುವ ಕೆಲಸಕ್ಕೆ ನಿಂತಿದ್ದರು. ಮೊದಲ ದಿನವೇ ನನಗೆ ಪಾಠ ಹೇಳಿದರು. "ನೋಡಮ್ಮ ರತ್ನಮ್ಮ, ಇಲ್ಲಿ ಗಿಡ ಬೆಳ್ಸೋದಲ್ಲ ಕೆಲ್ಸ. ಗಿಡ ಬೆಳೀದಂಗೆ ನೋಡ್ಕಳೋದು." ಆಗ ನಗು ಬಂತು. ವರ್ಷ ಕಳೆಯುವಷ್ಟರಲ್ಲಿ ಅದು ನಿಜವೆಂದು ತಿಳಿಯಿತು. ಬೇಲಿಗಿಡ ಸೊಂಟ ದಾಟಬಾರದು. ಎಲೆ ಉದುರಬಾರದು, ಉದುರಿದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆ ಇರಬಾರದು. ಹೂವಿನ ಗಿಡ ಹಣ್ಣು ಬಿಡಬಾರದು, ಬಿಟ್ಟರೆ ನೆಲ ಕಲೆಯಾಗುತ್ತದೆ.

ಪ್ರತಿ ಸೋಮವಾರ ಔಷಧಿ ಹೊಡೆಯುತ್ತಿದ್ದೆವು. ಈ ಕೆಲಸದಲ್ಲಿ ವಿಷಕ್ಕೆ ಔಷಧಿ ಎಂದು ಹೆಸರು. ಮೊದಲು ಬೆನ್ನಿಗೆ ಕಟ್ಟುವ ಕ್ಯಾನು, ಕೈಯಲ್ಲೇ ಒತ್ತಬೇಕಿತ್ತು. ಆಮೇಲೆ ಪೆಟ್ರೋಲಿನ ಯಂತ್ರ ಬಂತು. ಕಸಬರಿಕೆ ಹೋಗಿ ಗಾಳಿ ಊದುವ ಯಂತ್ರ ಬಂತು. ಯಂತ್ರ ಬಂದಷ್ಟೂ ನಮ್ಮ ಕಣ್ಣು ನೆಲದಿಂದ ದೂರವಾಯಿತು. ಕಸಬರಿಕೆ ಹಿಡಿದಾಗ ಎಲೆಯ ಕೆಳಗಿನ ಹಾವುರಾಣಿ ಕಾಣುತ್ತಿತ್ತು, ಪಕ್ಕಕ್ಕೆ ಗುಡಿಸುತ್ತಿದ್ದೆ. ಯಂತ್ರಕ್ಕೆ ಅದೂ ಒಂದು ಎಲೆ.

ನಿಂಬೆ ಮತ್ತು ಕರಿಬೇವಿನ ಗಿಡಗಳಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಒಂದು ಹುಳು ಇರುತ್ತದೆ. ಅದನ್ನು ನಾನು ವರ್ಷಗಟ್ಟಲೆ ಆರಿಸಿ ಆರಿಸಿ ಕಾಲಲ್ಲಿ ಹೊಸಕಿದ್ದೇನೆ. ನಾನು ನೋಡಿಕೊಂಡ ಗಿಡದಲ್ಲಿ ಒಂದು ಎಲೆಯೂ ತೂತಿರುವುದಿಲ್ಲ ಎಂದು ಮೇಸ್ತ್ರಿ ಬೇರೆ ಹೆಂಗಸರಿಗೆ ಹೇಳುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ, ನಮ್ಮೂರಲ್ಲಿ ಎಷ್ಟು ಚಿಟ್ಟೆ ಇದ್ದವು, ಇಲ್ಲಿ ಒಂದೂ ಇಲ್ಲ ಎಂದು ಅದೇ ಬಾಯಲ್ಲಿ ಕೊರಗುತ್ತಿದ್ದೆ. ಆ ಹುಳುವೇ ಚಿಟ್ಟೆಯಾಗುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ. ಚೈತ್ರಾ, ನಿನಗೂ ಪುಸ್ತಕದಲ್ಲಿ ಬೇಕಾದಷ್ಟು ಹೇಳಿಕೊಡುತ್ತಾರೆ. ನಿನ್ನ ಕೈ ಏನು ಮಾಡುತ್ತಿದೆ ಎಂದು ಆಗಾಗ ನೋಡಿಕೊ.

ಒಂದು ಮನೆಯ ಕಥೆ ಹೇಳಿ ಮುಂದೆ ಹೋಗುತ್ತೇನೆ. ಆ ಮನೆಯವರು ಹಕ್ಕಿಗಳು ಬರಲಿ ಎಂದು ಮರದ ಗೂಡುಗಳನ್ನು ತರಿಸಿ ಬಾಲ್ಕನಿಗೆ ನೇತುಹಾಕಿಸಿದರು. ಎರಡು ತಿಂಗಳಾದ ಮೇಲೆ ಹಿಕ್ಕೆ ಬೀಳುತ್ತದೆ ಎಂದು ಅದೇ ಬಾಲ್ಕನಿಗೆ ನೈಲಾನ್ ಬಲೆ ಹೊಡೆಸಿದರು. ಗೂಡು ಒಳಗೆ ಉಳಿಯಿತು, ಹಕ್ಕಿ ಹೊರಗೆ. ಗೂಡನ್ನು ತೆಗೆಯಲೇ ಎಂದು ಕೇಳಿದೆ. ಇರಲಿ, ನೋಡೋಕೆ ಚೆನ್ನಾಗಿದೆ ಅಂದರು.

ಸುಮಿತ್ರಾ ಮೇಡಂ ಮೂಲೆಯ ವಿಲ್ಲಾಕ್ಕೆ ಬಂದದ್ದು ನಾನು ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲೆ. ಮೈಸೂರಿನವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅವರ ತೋಟಕ್ಕೆ ನನ್ನನ್ನು ಹಾಕಿದರು. ಮೊದಲ ದಿನ ಒಂದು ದೊಡ್ಡ ಹಾಳೆ ಹಿಡಿದುಕೊಂಡು ಹೊರಗೆ ಬಂದರು. ಯಾರೋ ಡಿಸೈನರ್ ಮಾಡಿಕೊಟ್ಟಿದ್ದ ಬಣ್ಣದ ಚಿತ್ರ. ಕಾರಂಜಿ, ಬಿಳಿ ಕಲ್ಲು, ಸಾಲಾಗಿ ತಾಳೆ ಜಾತಿಯ ಗಿಡ.

"ರತ್ನಮ್ಮ, ಇದರಲ್ಲಿ ಒಂದು ಗುಬ್ಬಿ ಕೂತ್ಕೊಳ್ಳೋಕೆ ಜಾಗ ಎಲ್ಲಿದೆ, ತೋರ್ಸಿ ನೋಡೋಣ" ಅಂದರು.

ಹುಡುಕಿದೆ. "ಇಲ್ಲ ಮೇಡಂ" ಅಂದೆ.

"ಹಾಗಾದ್ರೆ ನೀವೇ ಹೇಳಿ. ನಿಮ್ಮೂರ ಹಿತ್ತಲಿಗೆ ಏನೇನು ಬರ್ತಿತ್ತು? ಯಾಕೆ ಬರ್ತಿತ್ತು?"

ನನ್ನನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಮೂರು ದಿನ ಉತ್ತರ ಹೇಳಲಾಗಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ಅವರು ಕಾಫಿ ಕುಡಿಯುತ್ತಾ ಮೆಟ್ಟಿಲ ಮೇಲೆ ಕೂತಿದ್ದಾಗ, ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಗೀಚಿದೆ. ಇಲ್ಲಿ ಬಚ್ಚಲ ನೀರು ಹರಿದು ನಿಲ್ಲುತ್ತಿತ್ತು, ಕೆಸುವಿನ ಬುಡದಲ್ಲಿ ಕಪ್ಪೆ. ಇಲ್ಲಿ ಬೇಲಿ, ಅದರೊಳಗೆ ಪಿಕಳಾರ ಹಕ್ಕಿಯ ಗೂಡು. ಇಲ್ಲಿ ತಿಪ್ಪೆ. ಇಲ್ಲಿ ಒಣಗಿದ ಸೌದೆ ರಾಶಿ, ಅಲ್ಲಿ ಓತಿಕ್ಯಾತ, ಚೇಳು, ಮುಂಗುಸಿ. ಮೇಡಂ ಕೆಳಗಿಳಿದು ಬಂದು, ಆ ಬಣ್ಣದ ಹಾಳೆಯನ್ನು ಮಡಚಿ ಅದರ ಮೇಲೇ ಕೂತುಕೊಂಡು ನೋಡಿದರು. ನನ್ನ ಜೀವನದಲ್ಲಿ ನಾನು ಅಷ್ಟು ಮಾತಾಡಿದ್ದು ಅದೊಂದೇ ದಿನ.

ಚೈತ್ರಾ, ಹೇಗೆ ಮಾಡಿದೆವು ಎಂಬುದನ್ನು ಬರೆಯುತ್ತೇನೆ, ನಿನಗೆ ಉಪಯೋಗವಾಗಬಹುದು. ಮೊದಲು ನೀರು. ಮೊಣಕಾಲುದ್ದವೂ ಇಲ್ಲದ ಒಂದು ಹೊಂಡ ತೋಡಿ, ಒಂದು ಬದಿಯನ್ನು ಇಳಿಜಾರು ಮಾಡಿದೆವು. ಬಿದ್ದ ಜೀವ ಹತ್ತಿ ಬರಬೇಕು. ನೇರ ಗೋಡೆಯ ತೊಟ್ಟಿ ಕಟ್ಟಿದರೆ ಬೆಳಿಗ್ಗೆ ನೀನು ಅದರಿಂದ ಹೆಣ ತೆಗೆಯುತ್ತೀಯ. ಸೊಳ್ಳೆ ಮರಿ ತಿನ್ನಲು ಕೆರೆಯ ಸಣ್ಣ ಮೀನು ಬಿಟ್ಟೆವು. ಹುಲ್ಲುಹಾಸನ್ನು ಕಿತ್ತು ಒಂದು ಚಾಪೆಯಷ್ಟು ಮಾತ್ರ ಉಳಿಸಿದೆವು. ಕಾಂಪೌಂಡಿನ ಉದ್ದಕ್ಕೂ ದಾಸವಾಳ, ಸೀಬೆ, ರತ್ನಗಂಧಿ, ಕತ್ತರಿ ಮುಟ್ಟಿಸದೆ ಒತ್ತಾಗಿ ಬೆಳೆಯಲು ಬಿಟ್ಟೆವು. ಹಕ್ಕಿಗಳಿಗೆ ಒಂದು ಗಸಗಸೆ ಹಣ್ಣಿನ ಮರ. ನೆಲದಲ್ಲಿ ತುಂಬೆ ಗಿಡ, ಅದನ್ನು ಯಾವ ನರ್ಸರಿಯೂ ಮಾರುವುದಿಲ್ಲ. ನಾನು ರೈಲು ಹಳಿಯ ಪಕ್ಕದಿಂದ ಕಿತ್ತು ತಂದೆ. ಎಕ್ಕ, ಈಶ್ವರಿ ಬಳ್ಳಿ, ನಿಂಬೆ, ಕರಿಬೇವು, ಇವನ್ನು ಹುಳುಗಳು ತಿನ್ನಲಿ ಎಂದೇ ನೆಟ್ಟೆವು. ಅರ್ಧ ತೋಟವನ್ನು ತಿನ್ನಿಸಿಕೊಳ್ಳಲು ಬಿಡಬೇಕು. ಈ ಕೆಲಸದಲ್ಲಿ ಇದು ಎಲ್ಲಕ್ಕಿಂತ ಕಷ್ಟ, ಮನೆಯವರಿಗೂ ಕಷ್ಟ, ಮಾಲಿಗೂ ಕಷ್ಟ.

ತೂತುಬಿದ್ದ ಎಲೆಗಳನ್ನು ನೋಡಿ ಮುನಿಯಪ್ಪ ಮೇಸ್ತ್ರಿ ಗೇಟಿನಿಂದಲೇ ಕೂಗುತ್ತಿದ್ದರು. "ಏನಮ್ಮ ರತ್ನಮ್ಮ, ಉಳಗಳ್ಗೆ ಅನ್ನಸತ್ರ ಮಡ್ಗಿದ್ದೀಯಾ? ಊಟ ಆದ್ಮೇಲೆ ಎಲೆ ಅಡಿಕೆನೂ ಕೊಡ್ತೀಯೇನು?"

ಕಾಂಪೌಂಡಿನ ಆಚೆಗೆ ಮನೆಯವರ ಸಂಘಕ್ಕೆ ಸೇರಿದ ಒಂದು ಪಟ್ಟಿ ಜಾಗ ಪಾಳು ಬಿದ್ದಿತ್ತು. ಅಲ್ಲೂ ಗಿಡ ನೆಡಲು ಮೇಡಂ ಒಪ್ಪಿಗೆ ಪಡೆದು, ನಡುವೆ ಸಣ್ಣ ಗೇಟು ಇಡಿಸಿದರು. ಅಲ್ಲೊಂದು ಸಿಲ್ವರ್ ಓಕ್ ಒಣಗಿ ನಿಂತಿತ್ತು. ಕಡಿಯುವುದು ಬೇಡ ಎಂದೆ. ಅದರ ಬುಡಕ್ಕೆ ತರಗೆಲೆ ರಾಶಿ ಹಾಕಿದೆವು.

ಆ ರಾಶಿಯ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಎರಡನೆಯ ವರ್ಷದ ಯುಗಾದಿ. ಹಬ್ಬದ ದಿನ ಅಂಗಳ ಗುಡಿಸದೆ ಬಿಡುವ ಕೈ ನನ್ನದಲ್ಲ. ಯಾರೂ ಹೇಳದಿದ್ದರೂ ಬೇಗ ಬಂದು, ಆ ರಾಶಿಯನ್ನು ಒಟ್ಟುಮಾಡಿ ಬೆಂಕಿ ಹಚ್ಚಿ, ನೀರು ಚಿಮುಕಿಸಿ ರಂಗೋಲಿ ಹಾಕಲು ಕೂತೆ. ನೆಲಗಪ್ಪೆಗಳು ಹೊಗೆಯಿಂದ ಒಂದೊಂದೇ ಕುಂಟುತ್ತಾ ಹೊರಗೆ ಬಂದವು. ಎಲ್ಲವೂ ಬರಲಿಲ್ಲ. ಮೇಡಂ ಪೂಜೆಯಿಂದ ಎದ್ದು ಬಂದು ಪೈಪು ಹಿಡಿದು ಬೆಂಕಿ ಆರಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮಧ್ಯಾಹ್ನ ಎಲೆ ಹಾಕಿ ಒಬ್ಬಟ್ಟು ಬಡಿಸಿದರು. ಬೈದಿದ್ದರೆ ನಾನು ಅಂದೇ ಬಾಯಿಬಿಟ್ಟು ತಪ್ಪಾಯಿತು ಎನ್ನುವುದನ್ನು ಕಲಿಯುತ್ತಿದ್ದೆನೋ ಏನೋ.

ಮೂರು ನಾಲ್ಕು ವರ್ಷ ಆ ತೋಟ ಚೆನ್ನಾಗಿತ್ತು. ಆ ದಿನಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಬೆಳಿಗ್ಗೆ ಹೋದರೆ ಸೂರಕ್ಕಿ ದಾಸವಾಳಕ್ಕೆ ತಲೆಕೆಳಗಾಗಿ ಜೋತುಬಿದ್ದಿರುತ್ತಿತ್ತು. ಪಿಕಳಾರ ಗೂಡು ಕಟ್ಟಿತು. ಟುವ್ವಿ ಹಕ್ಕಿ ಎರಡು ಎಲೆ ಸೇರಿಸಿ ಹೊಲಿದುಕೊಂಡಿತು. ಈಶ್ವರಿ ಬಳ್ಳಿಗೆ ಕೆಂಪು ಮೈಯ ಕಪ್ಪು ಚಿಟ್ಟೆ ಬಂತು. ನಮ್ಮೂರು ಬಿಟ್ಟ ಮೇಲೆ ನಾನು ಅದನ್ನು ನೋಡಿರಲಿಲ್ಲ. ಸಿಲ್ವರ್ ಓಕಿನ ಬುಡದಲ್ಲಿ ಗೆದ್ದಲು ಹತ್ತಿ ಸಣ್ಣ ಹುತ್ತವೆದ್ದಿತು. ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಬೆಳೆದು ನನ್ನ ಸೊಂಟಕ್ಕೆ ಬಂತು. ಒಂದು ದಿನ ಅದರ ಪಕ್ಕದಲ್ಲಿ ಉದ್ದನೆಯ ಪೊರೆ ಬಿದ್ದಿತ್ತು.

"ಕಚ್ಚುತ್ತಾ?" ಎಂದು ಮೇಡಂ ಕೇಳಿದರು.

"ಕೇರೆ ಹಾವು ಮೇಡಂ. ವಿಷ ಇಲ್ಲ. ಇಲಿ ತಿನ್ನುತ್ತೆ ಅಷ್ಟೆ."

"ಹಾಗಾದ್ರೆ ಇರ್ಲಿ. ನಮ್ಮಿಬ್ರಿಗೇ ಗೊತ್ತಿರ್ಲಿ" ಅಂದರು. ಆ ಸಾಲಿನ ಮನೆಗಳ ಹುಲ್ಲುಹಾಸನ್ನು ಹೆಗ್ಗಣಗಳು ತೋಡಿ ತೋಡಿ ಹಾಕುತ್ತಿದ್ದವು, ಆ ವರ್ಷದಿಂದ ನಿಂತಿತು. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ.

ಮೇಡಂ ತಂಗಿಗೆ ಕಾಯಿಲೆಯಾಗಿ ಅವರು ಮೈಸೂರಿಗೆ ಹೋದರು. ಬರುವುದು ಎರಡು ಮೂರು ತಿಂಗಳಾಗಬಹುದು ಎಂದು ಬೀಗದ ಕೈಯನ್ನು ನನಗೆ ಕೊಟ್ಟರು. ಅವರು ಹೋದ ಹದಿನೈದು ದಿನಕ್ಕೆ ಕೇರೆ ಹಾವು ಪಕ್ಕದ ಮನೆಯ ಗೋಡೆ ಹತ್ತಿತು. ಯಾರೋ ಫೋಟೋ ತೆಗೆದು ಲೇಔಟಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮಾರನೆಯ ದಿನ ಸಂಘದ ಸೆಕ್ರೆಟರಿ ಶ್ರೀಧರ್ ಸಾರ್ ನನ್ನನ್ನು ಕ್ಲಬ್ ಹೌಸಿಗೆ ಕರೆಸಿದರು.

ಈ ಭಾಗವನ್ನು ನಿಧಾನವಾಗಿ ಓದಿ.

ಒಳಗೆ ಇಪ್ಪತ್ತು ಜನ ಕುರ್ಚಿಗಳಲ್ಲಿ ಕೂತಿದ್ದರು. ಏಸಿಯ ಚಳಿ. ಚಪ್ಪಲಿ ಹೊರಗೆ ಬಿಟ್ಟಿದ್ದರೂ ನನ್ನ ಕಾಲಿನ ಮಣ್ಣು ಅವರ ನೆಲದ ಮೇಲೆ ಅಚ್ಚಾಗುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ.

"ಏನಮ್ಮಾ, ಆ ಮೂಲೆ ಮನೆ ಹತ್ರ ಹಾವಿದ್ಯಂತೆ?"

"ಇದೆ ಸಾರ್."

"ಯಾವ ಹಾವು? ನಾಗರಹಾವಾ?"

ಅಲ್ಲ ಎನ್ನಬೇಕಿತ್ತು. ಕೇರೆ ಸಾರ್, ಕಚ್ಚಿದರೂ ಏನೂ ಆಗದು, ನಿಮ್ಮ ಹೆಗ್ಗಣಗಳನ್ನು ತಿಂದದ್ದು ಅದೇ ಎನ್ನಬೇಕಿತ್ತು. ಇಷ್ಟು ಹೇಳಲು ಏಳನೆಯ ತರಗತಿಯೂ ಬೇಡ. ಇಪ್ಪತ್ತು ಮುಖ ನನ್ನ ಕಡೆ ತಿರುಗಿದ್ದವು. ಗಂಟಲು ಒಣಗಿತು.

"ಗೊತ್ತಿಲ್ಲ ಸಾರ್" ಅಂದೆ.

ಶ್ರೀಧರ್ ಸಾರ್ ಕೆಟ್ಟವರಲ್ಲ. ಮೆತ್ತಗೆ ಹೇಳಿದರು. "ಮಕ್ಳು ಓಡಾಡೋ ಜಾಗ ಅಮ್ಮಾ. ನಾಡಿದ್ದು ಕಂಪನಿಯವ್ರು ಬರ್ತಾರೆ. ಹುತ್ತ ಅಗೆದು ಔಷಧಿ ಬಿಟ್ಟು, ಆ ಪೊದೆ ಎಲ್ಲಾ ಕ್ಲೀನ್ ಮಾಡ್ಕೊಡ್ತಾರೆ. ನೀನು ಗೇಟ್ ತೆಗೆದ್ಕೊಡು ಸಾಕು."

ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿದ್ದರು. ತಂಗಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ ಎಂದರು. ಆ ಹೊತ್ತಿನಲ್ಲಿ ಹಾವಿನ ಮಾತೆತ್ತಲು ಮನಸ್ಸಾಗಲಿಲ್ಲ. ಸುಮ್ಮನೆ ವಿಚಾರಿಸಲು ಮಾಡಿದೆ ಎಂದು ಇಟ್ಟುಬಿಟ್ಟೆ.

ಮುಂದಿನ ದಿನವೆಲ್ಲ ಆ ತೋಟದಲ್ಲಿ ಸುಮ್ಮನೆ ಸುತ್ತಿದೆ. ಪೊದೆಯಲ್ಲಿ ಪಿಕಳಾರದ ಮರಿಗಳಿದ್ದವು. ಕಂಪನಿಯವರು ಬರುವ ದಿನ ಬೆಳಕು ಹರಿಯುವ ಮುಂಚೆ ಮನೆಯ ದೇವರ ಗೂಡಿನಿಂದ ಅರಿಶಿನ, ಕುಂಕುಮ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಹುತ್ತಕ್ಕೆ ನೀರು ಚಿಮುಕಿಸಿ ಅರಿಶಿನ ಬಳಿದೆ. ಮೂರು ಕಡೆ ಕುಂಕುಮ ಇಟ್ಟೆ. ಅರಿಶಿನದ ದಾರ ಸುತ್ತಿ, ನಾಲ್ಕು ಕಣಗಿಲೆ ಹೂ ಸಿಕ್ಕಿಸಿದೆ. ಮಣ್ಣು ದೇವರಾಗಲು ಅಷ್ಟು ಸಾಕು. ನನಗೆ ಭಕ್ತಿ ಏನೂ ಬಂದಿರಲಿಲ್ಲ. ನನ್ನ ಬಾಯಿಂದ ಆಗದ ಮಾತನ್ನು ಅರಿಶಿನ ಆಡಲಿ ಎಂದು ಮಾಡಿದೆ.

ಶ್ರೀಧರ್ ಸಾರ್ ಜೊತೆ ಕಂಪನಿಯ ಇಬ್ಬರು ಬಂದರು. ರಾಯಚೂರಿನ ಕಡೆಯವರು. ಮುಂದಾಳು ಮಲ್ಲಪ್ಪ ಎಂಬವನು ಗುದ್ದಲಿ ಹಿಡಿದು ಬಂದವನು ಹುತ್ತವನ್ನು ಕಂಡು ನಿಂತುಬಿಟ್ಟ.

"ಯವ್ವಾ, ಇಲ್ಲಿ ಪೂಜಿ ಆಗೇತಲ್ಲ" ಅಂದ.

ನಾನು ತಲೆ ಬಗ್ಗಿಸಿದೆ. ಅವನು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಕೈ ಮುಗಿದು, ಶ್ರೀಧರ್ ಸಾರ್ ಕಡೆ ತಿರುಗಿದ. "ಸಾಹೇಬ್ರ, ಈ ನೌಕರಿ ಹೋದ್ರ ಇನ್ನೊಂದ್ ಸಿಗ್ತೈತ್ರಿ. ಇದನ್ನ ಅಗದ್ರ ನನ್ನ ಮನ್ಯಾಗ ಮಕ್ಕಳು ಉಳಿಯಂಗಿಲ್ರಿ. ಬೇಕಾದ್ರ ಗುದ್ದಲಿ ಕೊಡ್ತೀನಿ, ನೀವ ಒಂದ್ ಏಟ್ ಹಾಕ್ರಿ, ಆಮ್ಯಾಲ ನೋಡೋಣಂತ."

ಶ್ರೀಧರ್ ಸಾರ್ ಗುದ್ದಲಿಯನ್ನು ನೋಡಿದರು. ಹುತ್ತವನ್ನು ನೋಡಿದರು. ಅವರ ಕೈಗಳು ತಾವಾಗಿಯೇ ಎದೆಯ ಹತ್ತಿರ ಬಂದು ಜೋಡಿಕೊಂಡವು.

"ಮೊದ್ಲೇ ಹೇಳ್ಬಾರ್ದಾ ಅಮ್ಮಾ?" ಅಂದರು ನನಗೆ.

ಅಂದು ಮನೆಗೆ ಬಂದು ಒಬ್ಬಳೇ ನಕ್ಕೆ. ಎರಡು ಮುದ್ದೆ ಉಂಡೆ. ಇಪ್ಪತ್ತು ಜನ ಓದಿದವರನ್ನು ಚಿಟಿಕೆ ಅರಿಶಿನದಲ್ಲಿ ಗೆದ್ದೆ ಎಂದುಕೊಂಡೆ.

ಮುಂದಿನ ಮಂಗಳವಾರ ಇಬ್ಬರು ಹೆಂಗಸರು ಹಾಲು ತಂದರು. ಶುಕ್ರವಾರ ಏಳೆಂಟು ಮಂದಿ ಬಂದರು. ಹುತ್ತದ ಬಾಯಿಗೆ ಹಾಲು ಸುರಿದರು, ಮೊಟ್ಟೆ ಇಟ್ಟರು, ಕರ್ಪೂರ ಹಚ್ಚಿದರು. ಹಾವು ಹಾಲು ಕುಡಿಯುವುದಿಲ್ಲ ಎಂದು ನನಗೆ ಗೊತ್ತು. ನಿಮ್ಮ ಮುತ್ತಜ್ಜಿಗೂ ಗೊತ್ತಿತ್ತು, ಆದರೂ ವರ್ಷಕ್ಕೊಮ್ಮೆ ಒಂದು ಚಮಚ ಹಾಕುತ್ತಿದ್ದಳು. ಇಲ್ಲಿ ಪ್ಯಾಕೆಟ್ಟುಗಟ್ಟಲೆ. ಹುಳಿತ ಹಾಲಿನ ವಾಸನೆಗೆ ನೊಣ ಮುತ್ತಿದವು. ಹಾಲು ಕುಡಿದ ಮಣ್ಣು ಮೆತ್ತಗಾಗಿ ಹುತ್ತದ ಒಂದು ಬದಿ ಕುಸಿಯಿತು. ನಿಲ್ಲಲು ಜಾಗ ಸಾಲದು ಎಂದು ಸಂಘದವರು ಮುನಿಯಪ್ಪ ಮೇಸ್ತ್ರಿಯ ಕೈಯಲ್ಲಿ ತುಂಬೆ ಗಿಡಗಳನ್ನು ಕೀಳಿಸಿದರು. ಸೀರೆಗೆ ಸಿಕ್ಕಿಕೊಳ್ಳುತ್ತದೆ ಎಂದು ಪೊದೆ ಕಡಿಸಿದರು. ಔಷಧಿ ಬಿಡಲು ಮುಂದಾಗಿದ್ದ ಶ್ರೀಧರ್ ಸಾರ್ ಅವರೇ ಮುಂದೆ ನಿಂತು ಕಟ್ಟೆ ಕಟ್ಟಿಸಿದರು. ಕುಸಿದ ಹುತ್ತಕ್ಕೆ ಸಿಮೆಂಟು ಮೆತ್ತಿ, ಮೇಲೆ ಹಳದಿ ಬಣ್ಣ ಬಳಿದು, ಸುತ್ತ ಟೈಲ್ಸ್ ಹಾಕಿ, ದೀಪದ ಸರ ಎಳೆಸಿದರು. ಕಾಲು ತೊಳೆಯುವ ನಲ್ಲಿಗೆ ಇಳಿಜಾರು ಬೇಕಾಗಿ ಹೊಂಡಕ್ಕೆ ಮಣ್ಣು ತುಂಬಿದರು. ಹೊಂಡ ಕಾಂಪೌಂಡಿನ ಒಳಗೆ ಮೇಡಂ ಜಾಗದಲ್ಲಿತ್ತು. ಅವರು ಬಂದ ಮೇಲೆ ಹೇಳಿದರಾಯಿತು, ದೇವರ ಕೆಲಸಕ್ಕೆ ಯಾರು ಬೇಡ ಅನ್ನುತ್ತಾರೆ ಅಂದರು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕೇಳಿದರು, ತೆಗೆದುಕೊಟ್ಟೆ.

ಇದನ್ನೆಲ್ಲ ತಡೆಯಲು ನನಗಿದ್ದದ್ದು ಒಂದೇ ದಾರಿ. ಇದು ದೇವರಲ್ಲ, ಅರಿಶಿನ ಬಳಿದವಳು ನಾನು ಎಂದು ಹೇಳಬೇಕಿತ್ತು. ಹೇಳಿದರೆ ಮತ್ತೆ ಔಷಧಿ. ಹೇಳದಿದ್ದರೆ ಟೈಲ್ಸ್. ಎರಡರ ನಡುವೆ ನಾನು ಬಕೆಟ್ಟು ಹಿಡಿದು ಕಟ್ಟೆ ತೊಳೆಯುತ್ತಿದ್ದೆ.

ಮೇಡಂ ಮೂರು ತಿಂಗಳಿಗೆ ವಾಪಸು ಬಂದರು. ತಂಗಿ ಉಳಿದಿರಲಿಲ್ಲ. ಬ್ಯಾಗನ್ನು ಕೈಯಿಂದ ಇಳಿಸದೆ ಹಿಂದಿನ ಗೇಟಿನ ಹತ್ತಿರ ನಿಂತು ನೋಡಿದರು.

"ಯಾರು ಶುರು ಮಾಡಿದ್ದು ಇದನ್ನ?" ಅಂದರು.

ನಾನು ಐದು ಅಡಿ ದೂರದಲ್ಲಿದ್ದೆ. ಮಣ್ಣು ಒಣಗಿದ ಒಂದು ಖಾಲಿ ಕುಂಡಕ್ಕೆ ನೀರು ಹಾಕುತ್ತಿದ್ದೆ. ಮುನಿಯಪ್ಪ ಮೇಸ್ತ್ರಿಯೇ ಉತ್ತರ ಕೊಟ್ಟರು. "ಯಾರೂ ಇಲ್ಲ ಮೇಡಂ. ತಾನಾಗೇ ಉದ್ಭವ ಆಗಿದ್ದು."

ಮೇಡಂ ಸಂಘದ ಸಭೆಗೆ ಹೋಗಿ ಒಂದು ಗಂಟೆ ಮಾತಾಡಿದರಂತೆ. ಎಲ್ಲರೂ ಮರ್ಯಾದೆಯಿಂದ ಕೇಳಿದರಂತೆ. ಕೊನೆಗೆ ಒಬ್ಬ ಹೆಂಗಸು, "ನಿಮಗೆ ದೇವರಲ್ಲಿ ನಂಬಿಕೆ ಇಲ್ವಾ ಮೇಡಂ?" ಎಂದು ಕೇಳಿದಳಂತೆ. ಅಲ್ಲಿಗೆ ಮಾತು ಮುಗಿಯಿತು.

ಎಡೆಯಿಟ್ಟ ಬಾಳೆಹಣ್ಣು, ಅನ್ನ, ಕಡಲೆ ರಾತ್ರಿಯೆಲ್ಲ ಕಟ್ಟೆಯ ಮೇಲೆ ಉಳಿಯುತ್ತಿತ್ತು. ಅದಕ್ಕೆ ಇಲಿಗಳು ಬಂದವು. ಇಲಿಗಳಿಗೆಂದು ಸಂಘದವರು ಸುತ್ತಲೂ ನೀಲಿ ಬಿಲ್ಲೆಗಳನ್ನು ಇಡಿಸಿದರು. ವಿಷ ತಿಂದು ತೂರಾಡುವ ಇಲಿಯನ್ನು ಹಿಡಿಯುವುದು ಹಾವಿಗೆ ಸುಲಭ. ಒಂದು ಬೆಳಿಗ್ಗೆ ಕೇರೆ ಹಾವು ಕಾಲು ತೊಳೆಯುವ ನಲ್ಲಿಯ ಕೆಳಗೆ ಉದ್ದಕ್ಕೆ ಬಿದ್ದಿತ್ತು. ನಾಲ್ಕೈದು ಹೆಂಗಸರು ಸೇರಿ ಅಯ್ಯೋ ಎಂದು ಕೆನ್ನೆ ಬಡಿದುಕೊಂಡರು. ಮೇಸ್ತ್ರಿ ಬಂದು ಕಡ್ಡಿಯಲ್ಲಿ ಮಗುಚಿ ನೋಡಿದರು.

"ಇದು ಬರೀ ಕೇರೆ ಕಣ್ರಮ್ಮ. ಗಾಬ್ರಿ ಆಗ್ಬೇಡಿ. ನಾಗಪ್ಪ ಒಳಗೇ ಅವ್ನೆ."

ಎಲ್ಲರಿಗೂ ಸಮಾಧಾನವಾಯಿತು. ಮೇಸ್ತ್ರಿ ಅದನ್ನು ಕಡ್ಡಿಗೆ ಸುತ್ತಿ ಕಸದ ಗಾಡಿಗೆ ಹಾಕಿದರು. ಆ ಸಂಜೆ ಎಂದಿನಂತೆ ಮಂಗಳಾರತಿಯಾಯಿತು. ಆ ಸಿಮೆಂಟಿನ ಒಳಗೆ ಯಾವ ಜೀವವೂ ಇರಲಿಲ್ಲ, ಗೆದ್ದಲೂ ಇರಲಿಲ್ಲ. ಮೇಡಂ ಮೇಲಿನ ಕಿಟಕಿಯಿಂದ ನೋಡುತ್ತಿದ್ದರು. ನನ್ನ ಕಣ್ಣೂ ಅವರ ಕಣ್ಣೂ ಸೇರಿದವು. ನಾನು ಕಸಬರಿಕೆ ತೆಗೆದುಕೊಂಡು ಆಚೆಗೆ ಹೋದೆ.

ಅವರು ಆ ಬೇಸಿಗೆಯಲ್ಲೇ ಮನೆಯನ್ನು ಬಾಡಿಗೆಗೆ ಕೊಟ್ಟು ಮೈಸೂರಿಗೆ ಹೊರಟರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಇದ್ದಿದ್ದಕ್ಕೆ ಅಷ್ಟು ವರ್ಷನಾದ್ರೂ ಇತ್ತು ರತ್ನಮ್ಮ" ಅಂದರು. ಬಾಡಿಗೆಗೆ ಬಂದವರು ಒಳ್ಳೆಯ ಜನ, ಇಬ್ಬರೂ ಮಾರತ್ತಹಳ್ಳಿ ಕಡೆಯ ಆಫೀಸಿನಲ್ಲಿ ಕೆಲಸ. ಗಿಡ ನೋಡಿಕೊಳ್ಳಲು ಅವರಿಗೆ ಸಮಯವಿರಲಿಲ್ಲ. ಉಳಿದದ್ದನ್ನೆಲ್ಲ ತೆಗೆಸಿ ಪ್ಲಾಸ್ಟಿಕ್ ಹುಲ್ಲು ಹಾಸಿಸಿದರು. ನನ್ನ ಕೊನೆಯ ಎರಡು ವರ್ಷದ ಕೆಲಸ, ವಾರಕ್ಕೆರಡು ದಿನ ಆ ಹುಲ್ಲನ್ನು ಸೋಪಿನ ನೀರಿನಲ್ಲಿ ತೊಳೆಯುವುದು, ಉಳಿದ ದಿನ ಕಟ್ಟೆ ತೊಳೆಯುವುದು. ಬಿಸಿಲಿಗೆ ಆ ಹುಲ್ಲು ಕಾಲು ಸುಡುತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಬಿಡುವ ದಿನ ಸಂಘದವರು ಶಾಲು ಹೊದಿಸಿ, ಹುತ್ತದ ಸೇವೆ ಮಾಡಿದವಳು ಎಂದು ಹೊಗಳಿದರು. ಅಲ್ಲೂ ತಲೆ ಬಗ್ಗಿಸಿ ನಿಂತಿದ್ದೆ.

ಮೇಡಂ ಮೈಸೂರಿನಿಂದ ಹಬ್ಬ ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಪ್ರತಿ ಸಲ ಫೋನ್ ಹೊಡೆದಾಗ ಈ ಸಲ ಹೇಳುತ್ತೇನೆ ಎಂದು ಎತ್ತುತ್ತಿದ್ದೆ. ಮೊಣಕಾಲು ಹೇಗಿದೆ, ಮೊಮ್ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳುತ್ತಿದ್ದರು. ಅಷ್ಟಕ್ಕೆ ಉತ್ತರ ಹೇಳುವಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತಿತ್ತು. ಈ ಸಲದ ದೀಪಾವಳಿಗೆ ಫೋನ್ ಬರಲಿಲ್ಲ. ನಾನೇ ಮಾಡಿದೆ. ಅವರ ಸಂಬಂಧಿಕರಾರೋ ಎತ್ತಿದರು. ಮೇಡಂ ತೀರಿಕೊಂಡು ಒಂದು ತಿಂಗಳಾಯಿತು ಎಂದರು. ತಾವು ಯಾರು, ಏನಾದರೂ ಹೇಳಬೇಕಿತ್ತೇ ಎಂದು ಕೇಳಿದರು. ಏನಿಲ್ಲ ಅಂದೆ.

ಚೈತ್ರಾ, ನಾನು ಆ ತೋಟವನ್ನು ಗೀಚಿದ ಹಾಗೆ ನೀನೂ ಗೀಚುತ್ತೀಯ. ನನಗಿಂತ ಚೆನ್ನಾಗಿಯೇ ಗೀಚುತ್ತೀಯ. ಮನೋಜ ಗಿಡ ಒದಗಿಸುತ್ತಾನೆ. ನೀರು, ನೆರಳು, ತರಗೆಲೆ ಎಲ್ಲ ಸರಿಯಾಗಿ ಇಟ್ಟರೆ ಜೀವಗಳು ಬಂದೇ ಬರುತ್ತವೆ, ಅವುಗಳದ್ದೇನೂ ತಕರಾರಿಲ್ಲ. ಬಂದ ಮೇಲೆ ಒಂದಲ್ಲ ಒಂದು ದಿನ ನಿಮ್ಮನ್ನು ಒಂದು ತಣ್ಣನೆಯ ಕೋಣೆಗೆ ಕರೆದು, ಯಾವ ಹಾವು ಎಂದು ಕೇಳುತ್ತಾರೆ. ನಿಮ್ಮಲ್ಲಿ ನನ್ನ ರಕ್ತವಿದೆ. ಗಂಟಲು ಒಣಗಬಹುದು. ಆಗ ಬೇರೆ ಯಾವ ಉಪಾಯವನ್ನೂ ಹುಡುಕಬೇಡಿ. ಹೇಳಿದರೂ ಅವರು ಕೇಳದಿರಬಹುದು, ತೋಟ ಉಳಿಯದಿರಬಹುದು. ಉಳಿಯುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ನನ್ನ ಕಣ್ಣೆದುರು ಈ ಕುಂದಲಹಳ್ಳಿಯ ಸುತ್ತ ಒಂದೂ ಉಳಿದಿಲ್ಲ. ಆದರೂ ಹೇಳಿ.

ಈ ಹಾಳೆಗಳನ್ನು ಒಂದು ಕವರಿನಲ್ಲಿಟ್ಟು ರೇಷನ್ ಕಾರ್ಡಿನ ಡಬ್ಬದಲ್ಲಿ ಹಾಕಿಡಿ. ಮನೆ ಬದಲಿಸುವಾಗ ಹಳೆ ಪೇಪರಿನ ಜೊತೆ ಸೇರಿ ಹೋಗದಂತೆ ನೋಡಿಕೊಳ್ಳಿ. ಓದಿದ್ದೀರೆಂದು ನನಗೆ ಹೇಳಬೇಡಿ, ನನಗೆ ನಿಮ್ಮ ಮುಖ ನೋಡಲಾಗದು. ಇದನ್ನು ಯಾರು ಶುರು ಮಾಡಿದ್ದು ಎಂದು ಸುಮಿತ್ರಾ ಮೇಡಂ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಜೋಪಾನ.